ನಂಬರ್ ಒಂದು: ಜರ್ಮನ್ ಶೆಫರ್ಡ್ ಸಂಘ ಹುಟ್ಟಿದ ಕಥೆ

(ಮಂಗಳೂರಿನಲ್ಲಿ ನಾಯಿ ಸಾಕುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

"ಪೇಪರ್ ಉಂಟಾ?"

ಮನೆಗೆ ಹೊಸ ನಾಯಿಮರಿ ಬಂತು ಅಂದರೆ ನಮ್ಮೂರಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಮರಿ ಗಂಡಾ ಹೆಣ್ಣಾ, ಎಷ್ಟು ವಾರ ಆಯ್ತು, ಇಂಜೆಕ್ಷನ್ ಕೊಡಿಸಿದ್ದೀರಾ, ಇವೆಲ್ಲ ಆಮೇಲೆ. ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯ ಕಪಾಟಿನಲ್ಲಿ, ಜಾಗದ ದಾಖಲೆಗಳ ಜೊತೆಗೆ, ಕೆನಲ್ ಕ್ಲಬ್ ಆಫ್ ಇಂಡಿಯಾದ ಆ ಸರ್ಟಿಫಿಕೇಟ್ ಇರಬಹುದು. ಮರಿಯ ಅಪ್ಪ ಅಮ್ಮ, ಅಜ್ಜ ಅಜ್ಜಿ, ಅವರ ಅಪ್ಪ ಅಮ್ಮ, ಮೂರು ತಲೆಮಾರಿನ ಹೆಸರು ಅದರಲ್ಲಿ ಸಾಲಾಗಿ ಇರುತ್ತದೆ.

ನಾನೂ ಹಾಗೊಂದು ಹಾಳೆ ನಂಬಿ ಮರಿ ತಂದವನು. ಸುಮಾರು ಇಪ್ಪತ್ತು ವರ್ಷ ಆಯ್ತು. ಕಪ್ಪು ಬೆನ್ನು, ಕಂದು ಕಾಲು, ತುಂಬಾ ಚಂದದ ಜರ್ಮನ್ ಶೆಫರ್ಡ್ ಹೆಣ್ಣು ಮರಿ. ಪೇಪರಲ್ಲಿ ಚಾಂಪಿಯನ್ ಅಂತ ಬರೆದ ಹೆಸರುಗಳೇ ನಾಲ್ಕೈದು ಇದ್ದವು. ಹದಿನಾಲ್ಕು ತಿಂಗಳಾಗುವಾಗ ಅವಳಿಗೆ ಜಗಲಿಯ ಮೆಟ್ಟಿಲು ಹತ್ತಲು ಆಗಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಎರಡೂ ಸೊಂಟದ ಕೀಲು ಸರಿಯಾಗಿ ಕೂತೇ ಇರಲಿಲ್ಲ. ಕೊಟ್ಟವರನ್ನು ಕೇಳಿದೆ. "ಪೇಪರ್ ಸರಿ ಇದೆಯಲ್ಲ" ಅಂದರು. ಪೇಪರ್ ಸರಿಯೇ ಇತ್ತು. ಅವಳು ಯಾರ ಮಗಳು ಅಂತ ಅದು ಹೇಳಿತ್ತು. ಆ ಅಪ್ಪ ಅಮ್ಮನ ಸೊಂಟ ಹೇಗಿತ್ತು, ಅವು ಏನು ಕೆಲಸ ಮಾಡಬಲ್ಲವು ಅಂತ ಅದರಲ್ಲಿ ಒಂದಕ್ಷರ ಇರಲಿಲ್ಲ.

ಅವಳು ಒಂಬತ್ತು ವರ್ಷ ನಮ್ಮ ಜೊತೆ ಇದ್ದಳು. ಅವಳ ಕಾಲು ಉಜ್ಜುತ್ತಾ ಕೂತ ಸಂಜೆಗಳಲ್ಲಿ ನನಗೆ ಈ ಚರಿತ್ರೆ ಓದುವ ಹುಚ್ಚು ಹಿಡಿಯಿತು. ಈ ನಾಯಿಯನ್ನು ಮೊದಲು ಪುಸ್ತಕದಲ್ಲಿ ಬರೆದವರು ಯಾರು? ಅವರಿಗೆ ಏನು ಬೇಕಿತ್ತು? ಇವತ್ತು ನಾನು ಹೇಳುವುದು ಅದನ್ನೇ.

ಮೊದಲು ಹೆಸರಿನ ವಿಷಯ. ನಮ್ಮ ಹಿರಿಯರು ಈ ನಾಯಿಯನ್ನು 'ಅಲ್ಸೇಷನ್' ಅಂತಲೇ ಕರೆಯುತ್ತಿದ್ದರು. ನನ್ನ ಅಜ್ಜನೂ ಹಾಗೇ ಹೇಳುತ್ತಿದ್ದರು. ಅದು ಬ್ರಿಟಿಷರು ಬಿಟ್ಟುಹೋದ ಹೆಸರು. ಮೊದಲ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ 'ಜರ್ಮನ್' ಅನ್ನುವ ಶಬ್ದವೇ ಯಾರಿಗೂ ಬೇಡವಾಗಿತ್ತು. ಆದರೆ ಯುದ್ಧದಲ್ಲಿ ಈ ನಾಯಿಯ ಕೆಲಸ ನೋಡಿ ಬಂದ ಸೈನಿಕರಿಗೆ ನಾಯಿ ಬೇಕಿತ್ತು. ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿ ಅಲ್ಸಾಸ್ ಅಂತ ಒಂದು ಪ್ರದೇಶ ಇದೆ. ಆ ಹೆಸರು ಹಿಡಿದು 1919ರಲ್ಲಿ ಲಂಡನ್ನಿನ ಕೆನಲ್ ಕ್ಲಬ್ ಇದನ್ನು 'ಅಲ್ಸೇಷಿಯನ್ ವುಲ್ಫ್ ಡಾಗ್' ಅಂತ ದಾಖಲಿಸಿತು. ಹಳೆಯ ಹೆಸರು ಅಲ್ಲಿ ಅಧಿಕೃತವಾಗಿ ವಾಪಸ್ ಬಂದದ್ದು 1977ರಲ್ಲಿ. ನಡುವಿನ ಆ ಐವತ್ತೆಂಟು ವರ್ಷದಲ್ಲಿ 'ಅಲ್ಸೇಷನ್' ನಮ್ಮ ಅಜ್ಜಂದಿರ ಬಾಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ನಾಯಿ ಎರಡಲ್ಲ, ಒಂದೇ.

ಈಗ ಜರ್ಮನಿಗೆ ಹೋಗೋಣ. 1899ಕ್ಕಿಂತ ಮೊದಲು 'ಜರ್ಮನ್ ಶೆಫರ್ಡ್' ಅಂತ ಒಂದು ನಾಯಿ ಇರಲಿಲ್ಲ. ಕುರಿ ಕಾಯುವ ನಾಯಿಗಳು ಬೇಕಾದಷ್ಟಿದ್ದವು. ಊರಿಗೊಂದು ರೂಪ. ನಡು ಜರ್ಮನಿಯ ತುರಿಂಗಿಯಾದಲ್ಲಿ ಸ್ವಲ್ಪ ಸಣ್ಣ ಗಾತ್ರದ, ಚುರುಕಾದ, ಕಿವಿ ನೆಟ್ಟಗೆ ನಿಲ್ಲುವ ಬೂದು ನಾಯಿಗಳು. ದಕ್ಷಿಣದ ವ್ಯೂರ್ಟೆಂಬರ್ಗ್ ಕಡೆ ದೊಡ್ಡ ಮೈಕಟ್ಟಿನ, ಗಟ್ಟಿ ಎಲುಬಿನ ನಾಯಿಗಳು. ಕುರುಬನಿಗೆ ಬಣ್ಣ, ಕಿವಿ ಮುಖ್ಯವಲ್ಲ. ಕೆಲಸ ಮಾಡುವ ನಾಯಿಗೆ ಕೆಲಸ ಮಾಡುವ ನಾಯಿಯನ್ನು ಕ್ರಾಸ್ ಮಾಡಿಸಿದರೆ ಆಯ್ತು.

ವ್ಯೂರ್ಟೆಂಬರ್ಗ್ ಅಂದಾಗ ನನಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು ಅನಿಸುತ್ತದೆ. ಮಂಗಳೂರಿಗೆ ಅದು ಗುರುತಿಲ್ಲದ ಊರೇನಲ್ಲ. 1843ರಲ್ಲಿ ಇಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ವ್ಯೂರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನಲ್ಲಿ. ಕನ್ನಡದ ಮೊದಲ ಪತ್ರಿಕೆ ಕೊಟ್ಟ ಮನುಷ್ಯ ಹುಟ್ಟಿದ ಸೀಮೆಯಲ್ಲೇ ಈ ನಾಯಿಗಳು ಕುರಿ ಕಾಯುತ್ತಿದ್ದವು. ಅವರು ಇಲ್ಲಿಗೆ ನಾಯಿ ತಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಶನ್ನಿನ ಆ ಹಳೇ ಕಟ್ಟಡಗಳ ಪಕ್ಕ ಹೋಗುವಾಗ ನನಗೆ ಮೊಗ್ಲಿಂಗ್ ಜೊತೆ ಒಂದು ಕುರಿ ನಾಯಿಯೂ ನೆನಪಾಗುತ್ತದೆ.

ಆ ನಾಯಿಗಳ ಕೆಲಸ ಏನು ಅಂತ ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಚದುರಿದ ಕುರಿಗಳನ್ನು ಗುಡ್ಡದಿಂದ ಓಡಿಸಿ ತರುವುದನ್ನು ನೀವು ವೀಡಿಯೋಗಳಲ್ಲಿ ನೋಡಿರುತ್ತೀರಿ. ಅದು ಬಾರ್ಡರ್ ಕಾಲಿ ಅನ್ನುವ ಬೇರೆ ತಳಿ, ಅದರ ರೀತಿ ಬೇರೆ. ಜರ್ಮನಿಯಲ್ಲಿ ಕುರಿ ಮೇಯುವ ಜಾಗದ ಪಕ್ಕದಲ್ಲೇ ಬೆಳೆ ಇರುತ್ತಿತ್ತು. ನಡುವೆ ಬೇಲಿ ಇಲ್ಲ. ಆ ಬೇಲಿಯೇ ನಾಯಿ. ಗದ್ದೆಯ ಹುಣಿಯ ಮೇಲೆ ಒಬ್ಬ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಾ ಇರುವುದನ್ನು ಊಹಿಸಿಕೊಳ್ಳಿ. ನಾಯಿ ಹಾಗೆ ಗಡಿಯ ಗೆರೆಯ ಮೇಲೆ ಓಡಾಡಬೇಕು. ಓಟ ಅಂದರೆ ನಾಗಾಲೋಟ ಅಲ್ಲ, ಒಂದೇ ಸಮನಾದ ದುಡುಕಿ ನಡಿಗೆ. ಕುರಿ ಗೆರೆ ದಾಟಿದರೆ ಹಿಂದೆ ತಳ್ಳಬೇಕು, ಆದರೆ ಕುರಿಗೆ ಗಾಯ ಆಗಬಾರದು. ಕುರುಬ ದೂರದಲ್ಲಿ ಇರುತ್ತಾನೆ. ಪ್ರತಿ ಸಲ ಹೇಳಿಕೊಡಲು ಆಗುವುದಿಲ್ಲ. ನಾಯಿಯೇ ನಿರ್ಧಾರ ಮಾಡಬೇಕು. ಇವತ್ತು ಜರ್ಮನ್ ಶೆಫರ್ಡ್ ನಡೆಯುವ ಚಂದ ನೋಡಿ ನಾವು ಮೆಚ್ಚುತ್ತೇವೆ ಅಲ್ವಾ, ಆ ನಡಿಗೆ ಬಂದದ್ದು ಆ ಗಡಿಗೆರೆಯಿಂದ.

ಈ ನಾಯಿಗಳಿಗೆ ಒಂದು ಸಂಘ ಬೇಕು ಅಂತ ಮೊದಲು ಹೊರಟವರು ಬೇರೆಯವರು. 1891ರಲ್ಲಿ 'ಫೈಲಾಕ್ಸ್' ಅಂತ ಒಂದು ಸಂಘ ಹುಟ್ಟಿತು. ಗ್ರೀಕ್ ಭಾಷೆಯಲ್ಲಿ ಕಾವಲುಗಾರ ಅಂತ ಅರ್ಥ. ಮೂರೇ ವರ್ಷದಲ್ಲಿ, 1894ರಲ್ಲಿ, ಅದು ಮುಚ್ಚಿಹೋಯಿತು. ಜಗಳ ಏನು ಗೊತ್ತಾ? ಕೆಲವರಿಗೆ ನೋಡಲು ಚಂದದ, ಎಲ್ಲವೂ ಒಂದೇ ರೀತಿ ಕಾಣುವ ನಾಯಿ ಬೇಕು. ಕೆಲವರಿಗೆ ಕೆಲಸ ಮಾಡುವ ನಾಯಿ ಬೇಕು, ರೂಪ ಹೇಗಿದ್ದರೂ ನಡೆಯುತ್ತದೆ. ನೂರಮೂವತ್ತು ವರ್ಷ ಆಯ್ತು, ಡಾಗ್ ಶೋ ಮುಗಿದ ಮೇಲೆ ಚಹಾ ಕುಡಿಯುತ್ತಾ ನಾವು ಮಾಡುವ ಜಗಳವೂ ಇದೇ.

ಇಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಬರುತ್ತಾರೆ. 1864ರ ಡಿಸೆಂಬರ್ 30ರಂದು ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. ಕುದುರೆ ಪಡೆಯ ಅಧಿಕಾರಿ, ಕ್ಯಾಪ್ಟನ್ ಹುದ್ದೆಯವರೆಗೆ ಏರಿದವರು. ಸೇನೆಯಲ್ಲಿದ್ದಾಗ ಬರ್ಲಿನ್ನಿನ ಪಶುವೈದ್ಯ ಕಾಲೇಜಿನಲ್ಲಿ ಸ್ವಲ್ಪ ಕಾಲ ಇದ್ದರು. ಪ್ರಾಣಿಯ ಮೈಕಟ್ಟು, ಎಲುಬು, ಕೀಲು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು ಅಲ್ಲಿ ಕಲಿತರು. ಈ ಒಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಅವರಿಗೆ ನಾಯಿ ಬರೀ ಒಂದು ಆಟದ ಸಾಮಾನಾಗಿರಲಿಲ್ಲ. ಕುದುರೆಯನ್ನು ನೋಡಿ ಅಭ್ಯಾಸವಾದ ಕಣ್ಣು ಅದು. ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಎಷ್ಟು ದೂರ, ಎಷ್ಟು ಹೊತ್ತು ಹೋಗಬಲ್ಲದು ಅಂತ ನೋಡುವ ಕಣ್ಣು.

ಅವರು ಒಬ್ಬ ನಟಿಯನ್ನು ಮದುವೆಯಾದರು. ಅಧಿಕಾರಿಯ ಅಂತಸ್ತಿಗೆ ಅದು ತಕ್ಕದ್ದಲ್ಲ ಅಂತ ಆ ಕಾಲದ ಸೇನೆಯ ಲೆಕ್ಕ. ಕೆಲಸ ಬಿಡಬೇಕಾಯಿತು. ಮ್ಯೂನಿಕ್ ಹತ್ತಿರ ಗ್ರಾಫ್ರಾತ್ ಅಂತ ಒಂದು ಊರು. ಅಲ್ಲಿನ ತಮ್ಮ ಎಸ್ಟೇಟಿಗೆ ಬಂದು ನೆಲೆಸಿದರು. ಕೈಯಲ್ಲಿ ಸಮಯ ಇತ್ತು, ತಲೆಯಲ್ಲಿ ನಾಯಿ ಇತ್ತು.

1899ರ ಏಪ್ರಿಲ್. ಕಾರ್ಲ್ಸ್‌ರೂಹ ಅನ್ನುವ ಪಟ್ಟಣದಲ್ಲಿ ನಾಯಿಗಳ ಪ್ರದರ್ಶನ. ಸ್ಟೆಫಾನಿಟ್ಸ್ ತಮ್ಮ ಗೆಳೆಯ ಆರ್ಥರ್ ಮೈಯರ್ ಜೊತೆ ಹೋಗಿದ್ದಾರೆ. ಅಲ್ಲಿ ಒಂದು ನಾಯಿ ಕಣ್ಣಿಗೆ ಬಿತ್ತು. ಹೆಸರು ಹೆಕ್ಟರ್ ಲಿಂಕ್ಸ್‌ರೈನ್. ನಾಲ್ಕು ವರ್ಷದ ಗಂಡು, ಸುಮಾರು ಅರವತ್ತು ಸೆಂಟಿಮೀಟರ್ ಎತ್ತರ, ತೋಳದ ಹಾಗೆ ಕಾಣುವ ಮೈ. ಫ್ರಾಂಕ್‌ಫರ್ಟ್‌ನ ಸ್ಪಾರ್‌ವಾಸರ್ ಕೆನಲ್‌ನಲ್ಲಿ ಹುಟ್ಟಿದ್ದು. ಅಪ್ಪ ಕಾಸ್ಟರ್, ಅಮ್ಮ ಲೇನೆ. ಸ್ಟೆಫಾನಿಟ್ಸ್ ಆ ನಾಯಿಯನ್ನು ಕೊಂಡರು. ಹೆಸರನ್ನೂ ಬದಲಿಸಿದರು: ಹೊರಾಂಡ್ ಫಾನ್ ಗ್ರಾಫ್ರಾತ್.

ಈ 'ಫಾನ್ ಗ್ರಾಫ್ರಾತ್' ನಮಗೆ ಅರ್ಥ ಆಗದ್ದೇನಲ್ಲ. ತುಳುನಾಡಿನಲ್ಲಿ ಒಬ್ಬರ ಪರಿಚಯ ಕೇಳುವಾಗ ಹೆಸರು ಕೇಳಿ ಸುಮ್ನೆ ಆಗುತ್ತೇವಾ? ಯಾವ ಗುತ್ತು (ದೊಡ್ಡಮನೆ), ಯಾವ ಬರಿ (ಕುಲ) ಅಂತ ಕೇಳಿದ ಮೇಲೆಯೇ ಸಮಾಧಾನ. ಕಂಬಳದಲ್ಲಿ ಮೈಕಿನಲ್ಲಿ ಕೂಗುವುದನ್ನು ನೆನಪಿಸಿಕೊಳ್ಳಿ. ಊರು, ಮನೆ, ಯಜಮಾನರ ಹೆಸರು, ಆಮೇಲೆ ಕೋಣ. ನಾಯಿಯ ಹೆಸರಿನ ಎರಡನೇ ಭಾಗವೂ ಹಾಗೆಯೇ, ಅದು ಮನೆಯ ಹೆಸರು.

ಏಪ್ರಿಲ್ 22ಕ್ಕೆ ಸಂಘ ಹುಟ್ಟಿತು. ಹೆಸರು 'ಫೆರೈನ್ ಫ್ಯೂರ್ ಡಾಯ್ಚೆ ಶೇಫರ್‌ಹುಂಡೆ', ಅಂದರೆ ಜರ್ಮನ್ ಕುರಿನಾಯಿಗಳ ಸಂಘ. ಇವತ್ತಿಗೂ ಎಲ್ಲರೂ ಚಿಕ್ಕದಾಗಿ 'ಎಸ್‌ವಿ' ಅನ್ನುತ್ತಾರೆ. ಸ್ಟೆಫಾನಿಟ್ಸ್ ಅಧ್ಯಕ್ಷರು, ಮೈಯರ್ ಕಾರ್ಯದರ್ಶಿ. ಜೊತೆಗೆ ಸೇರಿದವರು ಬೆರಳೆಣಿಕೆಯ ಜನ. ಅವರು ಯಾರು ಅಂತ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ನುರಿತ ಕುರುಬರಿದ್ದರು, ಕಾರ್ಖಾನೆ ಮಾಲೀಕರಿದ್ದರು, ಒಬ್ಬ ಮೇಯರ್, ಒಬ್ಬ ಹೋಟೆಲಿನವ. ದೊಡ್ಡ ಮನೆತನದ ಅಧಿಕಾರಿಯ ಪಕ್ಕದಲ್ಲಿ ಕುರುಬ ಕೂತಿದ್ದ. ಆ ಕಾಲದ ಜರ್ಮನಿಯಲ್ಲಿ ಅದು ಸಣ್ಣ ಮಾತಲ್ಲ. ನಾಯಿಯ ಬಗ್ಗೆ ಅಲ್ಲಿ ಅತಿ ಹೆಚ್ಚು ಗೊತ್ತಿದ್ದವನು ಆ ಕುರುಬನೇ.

ಸಂಘದ ಮೊದಲ ಕೆಲಸ ಪುಸ್ತಕ ತೆರೆಯುವುದು. ನಾಯಿಗಳ ವಂಶದ ಪುಸ್ತಕ ಜಗತ್ತಿಗೆ ಹೊಸದಾಗಿರಲಿಲ್ಲ. ಲಂಡನ್ನಿನ ಕೆನಲ್ ಕ್ಲಬ್ ಶುರುವಾದದ್ದೇ 1873ರಲ್ಲಿ. ಆದರೆ ಈ ಕುರಿನಾಯಿಗಳಿಗೆ ಅಂತ ಒಂದು ಪುಸ್ತಕ ಇರಲಿಲ್ಲ. ಅದರ ಮೊದಲ ಸಾಲಿನಲ್ಲಿ, 'ಎಸ್‌ಜೆಡ್ 1' ಅನ್ನುವ ನಂಬರಿನಲ್ಲಿ, ಹೊರಾಂಡ್ ಹೆಸರು ಬಂತು. ಆಮೇಲಿನ ನಂಬರುಗಳಲ್ಲಿ ಹೊರಾಂಡನ ಅಪ್ಪ ಅಮ್ಮನನ್ನೂ ಹುಡುಕಿ ಬರೆದರು. ಹಿಂದಕ್ಕೂ ಬರೆದರು, ಮುಂದಕ್ಕೂ ಬರೆಯುತ್ತಾ ಹೋದರು.

ಅದೇ ವರ್ಷ ಸೆಪ್ಟೆಂಬರ್ 20ರಂದು ಫ್ರಾಂಕ್‌ಫರ್ಟ್‌ನಲ್ಲಿ ಸದಸ್ಯರ ಮೊದಲ ಸಭೆ. ಮೈಯರ್ ಮತ್ತು ಸ್ಟೆಫಾನಿಟ್ಸ್ ಸೇರಿ ತಯಾರಿಸಿದ ಕರಡಿನ ಆಧಾರದ ಮೇಲೆ ಅಲ್ಲಿ ತಳಿಯ ಮೊದಲ ಮಾನದಂಡ ಬರೆದರು. ನಾಯಿ ಹೇಗಿರಬೇಕು ಅನ್ನುವುದರ ವಿವರ. ಮೈಯರ್ ಹೆಸರು ಇವತ್ತು ಯಾರಿಗೂ ಅಷ್ಟು ನೆನಪಿಲ್ಲ. ಎಲ್ಲ ಪುಸ್ತಕಗಳಲ್ಲೂ ಸ್ಟೆಫಾನಿಟ್ಸ್ ಫೋಟೋ, ಸ್ಟೆಫಾನಿಟ್ಸ್ ಕಥೆ. ಆದರೆ ಅಂತರರಾಷ್ಟ್ರೀಯ ಮಾನದಂಡದ ಚರಿತ್ರೆಯ ಪರಿಚ್ಛೇದದಲ್ಲಿ ಈಗಲೂ ಮೈಯರ್ ಹೆಸರನ್ನೇ ಮೊದಲು ಬರೆಯುತ್ತಾರೆ. ಕಾರ್ಯದರ್ಶಿಗಳಾಗಿ ದುಡಿದವರು ಇಲ್ಲಿ ಯಾರಾದರೂ ಇದ್ದರೆ, ಅವರಿಗೆ ಈ ವಿಷಯ ಹೇಳಬೇಕು ಅಂತ ಅನಿಸಿತು.

ಹೊರಾಂಡ್ ಎಂಥ ನಾಯಿ? ಸ್ಟೆಫಾನಿಟ್ಸ್ ಬರೆದಿಟ್ಟ ಮಾತುಗಳ ಸಾರ ಹೇಳುತ್ತೇನೆ. ಮೈಯಲ್ಲಿ ನರನರವೂ ಚುರುಕು. ಯಜಮಾನನ ಮಾತಿಗೆ ತಪ್ಪದ ನಿಷ್ಠೆ. ಅದೇ ಹೊತ್ತಿಗೆ ಸುಮ್ನೆ ಕೂರದ, ಕೆಲಸ ಇಲ್ಲದಿದ್ದರೆ ತಾನೇ ಏನಾದರೂ ಕಿತಾಪತಿ ಹುಡುಕುವ ತುಂಟ. ಮಕ್ಕಳ ಜೊತೆ ಒಳ್ಳೆಯವನು. ಎಳೆಯ ವಯಸ್ಸಿನಲ್ಲೇ ಸರಿಯಾದ ತರಬೇತಿ ಸಿಕ್ಕಿದ್ದರೆ ಇವನು ಏನೆಲ್ಲ ಆಗುತ್ತಿದ್ದ ಅಂತ ಅವರಿಗೆ ಕೊನೆಯವರೆಗೂ ಕೊರಗು ಇತ್ತು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಶೆಫರ್ಡ್ ಕಟ್ಟಿ ಹಾಕಿ, "ಸೋಫಾ ಹರಿದು ಹಾಕಿತು ಮಾರಾಯ್ರೆ" ಅಂತ ನನಗೆ ಫೋನ್ ಮಾಡುವವರಿಗೆ ನಾನು ಇದನ್ನೇ ಹೇಳುವುದು. ನಂಬರ್ ಒಂದು ಕೂಡ ಹಾಗೇ ಇತ್ತು. ಅದಕ್ಕೆ ಕೆಲಸ ಬೇಕು.

ಹೊರಾಂಡನ ಮಗ ಹೆಕ್ಟರ್ ಫಾನ್ ಶ್ವಾಬೆನ್ 1900 ಮತ್ತು 1901ರಲ್ಲಿ ಸಂಘದ ದೊಡ್ಡ ಪ್ರದರ್ಶನದಲ್ಲಿ ಗೆದ್ದ. ಆ ಗೆಲುವಿನ ಬಿರುದಿಗೆ 'ಸೀಗರ್' ಅನ್ನುತ್ತಾರೆ. ಅವನ ತಾಯಿ ಮೋರೆಸ್ ಪ್ಲೀನಿಂಗನ್. ಪ್ಲೀನಿಂಗನ್ ಅಂದರೆ ಈಗ ಸ್ಟಟ್‌ಗಾರ್ಟ್ ನಗರದೊಳಗೆ ಸೇರಿಹೋದ ಒಂದು ಹಳ್ಳಿ. ನೋಡಿ, ಮತ್ತೆ ಅದೇ ವ್ಯೂರ್ಟೆಂಬರ್ಗ್. ಹೆಕ್ಟರನ ಮಗ ಹೈನ್ಸ್ ಫಾನ್ ಸ್ಟಾರ್ಕೆನ್‌ಬುರ್ಗ್, ಅವನ ಮಗ ರೋಲಾಂಡ್. ಕಪ್ಪು ಬಣ್ಣದ ಈ ರೋಲಾಂಡ್ 1906ರಲ್ಲೂ 1907ರಲ್ಲೂ ಸೀಗರ್. ಹೊರಾಂಡ್, ಹೆಕ್ಟರ್, ಹೈನ್ಸ್, ರೋಲಾಂಡ್. ನಾಲ್ಕು ತಲೆಮಾರು. ನಿಮ್ಮ ಮನೆಯ ಶೆಫರ್ಡ್ ಹಿಂದಕ್ಕೆ ಹೋಗುತ್ತಾ ಹೋದರೆ ಹೊರಾಂಡನ ಬಳಿಗೇ ತಲುಪುತ್ತದೆ.

ಇದರಲ್ಲಿ ಒಂದು ಅಪಾಯವೂ ಇತ್ತು. ಒಳ್ಳೆಯ ಗುಣ ಗಟ್ಟಿಯಾಗಿ ಉಳಿಯಲಿ ಅಂತ ಹತ್ತಿರದ ಸಂಬಂಧಿಗಳ ನಡುವೆಯೇ ಮತ್ತೆ ಮತ್ತೆ ಮರಿ ಮಾಡಿಸಿದರು. ಗುಣದ ಜೊತೆ ದೋಷವೂ ಗಟ್ಟಿಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಆಗ ಸ್ಟೆಫಾನಿಟ್ಸ್ ಕುರಿ ಕಾಯುತ್ತಿದ್ದ, ಸಂಬಂಧವಿಲ್ಲದ ಬೇರೆ ನಾಯಿಗಳನ್ನು ತಂದು ಸೇರಿಸಿದರು.

ಅವರು ಮತ್ತೆ ಮತ್ತೆ ಹೇಳುತ್ತಿದ್ದದ್ದು ಎರಡು ಮಾತು: ಕೆಲಸಕ್ಕೆ ಬರಬೇಕು, ಬುದ್ಧಿ ಇರಬೇಕು. ಚಂದ ಅದರ ಹಿಂದೆ ಬರಲಿ. ಇದನ್ನು ನಾನು ಬೇರೆ ಕಡೆ ವಿವರಿಸಬೇಕಾದರೆ ಕಷ್ಟಪಡುತ್ತೇನೆ. ಕರಾವಳಿಯಲ್ಲಿ ಸುಲಭ. ಕಂಬಳದ ಕೋಣಕ್ಕೆ ಎಣ್ಣೆ ಹಚ್ಚಿ, ಮೀಯಿಸಿ, ಅಲಂಕಾರ ಮಾಡಿ, ಮೆರವಣಿಗೆಯಲ್ಲಿ ತರುತ್ತೇವೆ. ನೋಡುವುದಕ್ಕೆ ಎರಡು ಕಣ್ಣು ಸಾಲದು. ಆದರೆ ಬಹುಮಾನ ಯಾವುದಕ್ಕೆ? ಹಗ್ಗ, ನೇಗಿಲು ವಿಭಾಗದಲ್ಲಿ ಕರೆಯಲ್ಲಿ, ಅಂದರೆ ಕೆಸರಿನ ಓಟದ ಗದ್ದೆಯಲ್ಲಿ, ಓಡಿ ಗೆಲ್ಲಬೇಕು. ಕನೆಹಲಗೆ ವಿಭಾಗದಲ್ಲಿ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನಿ ಮುಟ್ಟಬೇಕು. ಎಷ್ಟೇ ಚಂದದ ಕೋಣವಾದರೂ ಕರೆಗೆ ಇಳಿಯದೆ ಯಾರೂ ಪದಕ ಕೊಡುವುದಿಲ್ಲ. ಸ್ಟೆಫಾನಿಟ್ಸ್ ಕೇಳಿದ್ದು ಅಷ್ಟೇ. ನಾಯಿಯನ್ನೂ ಕರೆಗೆ ಇಳಿಸಿ ನೋಡಿ ಅಂದರು. ಸಂಘ ಹುಟ್ಟಿದ ಮೊದಲ ವರ್ಷಗಳಲ್ಲೇ ಕುರಿ ಕಾಯುವ ಸ್ಪರ್ಧೆಗಳು ಶುರುವಾದವು.

ಅಷ್ಟರಲ್ಲಿ ಕಾಲವೇ ಬದಲಾಗುತ್ತಿತ್ತು. ಜರ್ಮನಿಯಲ್ಲಿ ಕಾರ್ಖಾನೆಗಳು ಬಂದವು, ರೈಲು ಬಂತು, ಕುರಿ ಹಿಂಡು ಕಡಿಮೆಯಾಯಿತು. ಕುರಿಯೇ ಇಲ್ಲ ಅಂದ ಮೇಲೆ ಕುರಿನಾಯಿ ಯಾಕೆ? ಇಲ್ಲಿ ಸಂಘ ಎರಡು ದಾರಿ ಹಿಡಿಯಬಹುದಿತ್ತು. ಇನ್ನು ಮುಂದೆ ಇದು ಮನೆಯಲ್ಲಿ ಸಾಕುವ ಚಂದದ ನಾಯಿ ಅಂತ ಒಪ್ಪಿಕೊಳ್ಳಬಹುದಿತ್ತು. ಇಲ್ಲವೇ ಹೊಸ ಕೆಲಸ ಹುಡುಕಬೇಕಿತ್ತು. ಸ್ಟೆಫಾನಿಟ್ಸ್ ಹೊಸ ಕೆಲಸ ಹುಡುಕಿದರು. ಪೊಲೀಸರ ಬಳಿ ಹೋದರು, ಸೇನೆಯ ಬಳಿ ಹೋದರು. ವಾಸನೆ ಹಿಡಿಯುವುದು, ಆಜ್ಞೆ ಪಾಲಿಸುವುದು, ಕಾವಲು ಕಾಯುವುದು, ಇವುಗಳ ಪರೀಕ್ಷೆ ಬಂದವು. ಇವತ್ತು ನಮ್ಮ ಪೊಲೀಸ್ ಶ್ವಾನದಳದಲ್ಲಿ ಈ ನಾಯಿ ಇದೆ ಅಂದರೆ ಅದರ ಬೇರು ಅಲ್ಲಿದೆ.

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಶೆಫರ್ಡ್‌ಗಳು ಹೋದವು. ಸಂದೇಶ ಒಯ್ದವು, ಗಾಯಗೊಂಡು ಬಿದ್ದವರನ್ನು ಹುಡುಕಿಕೊಟ್ಟವು. ಯುದ್ಧದಲ್ಲಿ ವಿಷಗಾಳಿ ತಗುಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರು ತುಂಬಾ ಇದ್ದರು. ಗೆರ್ಹಾರ್ಡ್ ಸ್ಟಾಲಿಂಗ್ ಅನ್ನುವ ವೈದ್ಯರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಒಬ್ಬ ಕುರುಡು ಸೈನಿಕನ ಜೊತೆ ಆಸ್ಪತ್ರೆಯ ತೋಟದಲ್ಲಿ ನಡೆಯುತ್ತಿದ್ದಾಗ ಯಾರೋ ಕರೆದರು. ತಮ್ಮ ನಾಯಿಯನ್ನು ಅವನ ಬಳಿ ಬಿಟ್ಟು ಹೋದರು. ತಿರುಗಿ ಬಂದು ನೋಡಿದರೆ ನಾಯಿ ಅವನನ್ನು ನೋಡಿಕೊಳ್ಳುತ್ತಾ ಇದೆ. 1916ರಲ್ಲಿ ಓಲ್ಡನ್‌ಬುರ್ಗ್‌ನಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳ ಶಾಲೆ ತೆರೆದರು. ಶೆಫರ್ಡ್‌ಗಳೇ ಅಲ್ಲಿ ಮುಖ್ಯ.

ಆಮೇಲೆ ಡೊರೊತಿ ಯೂಸ್ಟಿಸ್ ಅನ್ನುವ ಅಮೆರಿಕದ ಹೆಣ್ಣುಮಗಳು ಸ್ವಿಟ್ಜರ್ಲೆಂಡಿನಲ್ಲಿ ಶೆಫರ್ಡ್‌ಗಳನ್ನು ಸಾಕಿ ತರಬೇತಿ ಕೊಡುತ್ತಿದ್ದರು. ಜರ್ಮನಿಯ ಈ ಕೆಲಸ ನೋಡಿ 1927ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಮಾರಿಸ್ ಫ್ರಾಂಕ್ ಅನ್ನುವ ಕುರುಡ ಯುವಕನಿಗೆ ಅದನ್ನು ಯಾರೋ ಓದಿ ಹೇಳಿದರು. ಅವನು ಅಷ್ಟು ದೂರ ಹೋಗಿ, 1928ರಲ್ಲಿ ಬಡ್ಡಿ ಅನ್ನುವ ಹೆಣ್ಣು ಶೆಫರ್ಡ್ ಜೊತೆ ಊರಿಗೆ ಬಂದ. ಮರುವರ್ಷವೇ 'ಸೀಯಿಂಗ್ ಐ' ಅನ್ನುವ ಸಂಸ್ಥೆ ಹುಟ್ಟಿತು. ಒಬ್ಬ ಮನುಷ್ಯ ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿದ. ಅದನ್ನು ಓದಿದ ದಿನ ನಾನು ನನ್ನ ನಾಯಿಯ ತಲೆ ಸವರುತ್ತಾ ತುಂಬಾ ಹೊತ್ತು ಕೂತಿದ್ದೆ. ಹುಣಿಯ ಮೇಲೆ ನಡೆದು ಕುರಿಯನ್ನು ಕಾದ ಅದೇ ಬುದ್ಧಿ, ಫುಟ್‌ಪಾತಿನ ಅಂಚಿನಲ್ಲಿ ಮನುಷ್ಯನನ್ನು ಕಾಯಿತು.

ಯುದ್ಧ ಮುಗಿದ ಮೇಲೆ ಈ ನಾಯಿಗೆ ವಿಪರೀತ ಬೇಡಿಕೆ ಬಂತು. ಬೇಡಿಕೆ ಬಂದಾಗ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಂಡಕಂಡಲ್ಲಿ ಮರಿ ಮಾಡಿಸಿದರು. ನಾಯಿಗಳು ಎತ್ತರವಾದವು, ಚೌಕಾಕಾರವಾದವು. ಕೆಲವಕ್ಕೆ ಹಲ್ಲು ಕಡಿಮೆ, ಕೆಲವಕ್ಕೆ ಧೈರ್ಯ ಕಡಿಮೆ. ಸಂಘ 1920ರ ದಶಕದ ಶುರುವಿನಲ್ಲಿ ಒಂದು ಹೊಸ ಕ್ರಮ ತಂದಿತು. ಮರಿ ಮಾಡಿಸಲು ಯಾವ ನಾಯಿ ಯೋಗ್ಯ ಅಂತ ಪರೀಕ್ಷಿಸಿ ಬರೆದಿಡುವ ಪದ್ಧತಿ. ಅದಕ್ಕೆ 'ಕ್ಯೋರುಂಗ್' ಅನ್ನುತ್ತಾರೆ. ಅಳತೆ, ಹಲ್ಲು, ನಡಿಗೆ, ಸ್ವಭಾವ, ಎಲ್ಲ ದಾಖಲಾಗಬೇಕು. ಊರೂರಲ್ಲಿ ಸಂಘದ ಜನ ಇರುತ್ತಿದ್ದರು. ಒಂದು ಸೂಲಿನ ಮರಿಗಳು ಹುಟ್ಟಿದರೆ ಅವರು ಮನೆಗೇ ಬಂದು ನೋಡುತ್ತಿದ್ದರು. ನೋಡಿ, ನನಗೆ ಆ ದಿನ ಬೇಕಾಗಿದ್ದದ್ದು ಇದೇ. ಪೇಪರಿಗೆ ಸಹಿ ಹಾಕುವ ಮೊದಲು ಮನೆಗೆ ಬಂದು ಅಪ್ಪ ಅಮ್ಮನನ್ನು ಕಣ್ಣಾರೆ ನೋಡುವ ಒಬ್ಬ ಮನುಷ್ಯ.

1925ರ ಪ್ರದರ್ಶನದಲ್ಲಿ ಸ್ಟೆಫಾನಿಟ್ಸ್ ಎಲ್ಲರ ಎದುರು ತಮ್ಮ ನಿರ್ಧಾರ ತೋರಿಸಿದರು. ಆಗ ಎಲ್ಲರೂ ಮೆಚ್ಚುತ್ತಿದ್ದ ಎತ್ತರದ ನಾಯಿಗಳನ್ನು ಬಿಟ್ಟು, ಕ್ಲೋಡೊ ಫಾಮ್ ಬಾಕ್ಸ್‌ಬೆರ್ಗ್ ಅನ್ನುವ ನಾಯಿಗೆ ಸೀಗರ್ ಬಿರುದು ಕೊಟ್ಟರು. ಅದು ಅಷ್ಟು ಎತ್ತರವಿಲ್ಲ, ಮೈ ಸ್ವಲ್ಪ ಉದ್ದ, ನಡಿಗೆ ನೆಲಕ್ಕೆ ಹತ್ತಿರ. ಇನ್ನು ಮುಂದೆ ನಾಯಿ ಹೀಗಿರಲಿ ಅಂತ ಅವರು ಹೇಳಿದ ರೀತಿ ಅದು. ತಳಿಯ ರೂಪ ಅಲ್ಲಿಂದ ತಿರುಗಿತು. ಅದು ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದು ಬೇರೆ ವಿಷಯ. ಈಗ ಶೋಗಳಲ್ಲಿ ಕಾಣುವ, ಹಿಂಭಾಗ ಇಳಿಜಾರಾಗಿ ಕುಸಿದಂತಿರುವ ಬೆನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಬ್ಬರ ನಿರ್ಧಾರವನ್ನು ಮುಂದಿನವರು ಅಳತೆ ಮೀರಿ ಎಳೆದರು ಅಂತ ನನ್ನ ಅಭಿಪ್ರಾಯ. ಸೊಂಟದ ಎಕ್ಸ್‌ರೇಯನ್ನು ಸಂಘ ದಾಖಲೆಗೆ ಸೇರಿಸಿದ್ದು 1960ರ ದಶಕದಲ್ಲಿ.

ಇನ್ನೊಂದು ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ಸ್ಟೆಫಾನಿಟ್ಸ್ ತಮ್ಮ ಕಾಲದ ಮನುಷ್ಯ. ರಕ್ತ ಶುದ್ಧ, ತಳಿ ಶುದ್ಧ ಅನ್ನುವ ಮಾತು ಆಗ ನಾಯಿಗೆ ಮಾತ್ರ ನಿಂತಿರಲಿಲ್ಲ, ಮನುಷ್ಯರಿಗೂ ಹೋಗಿತ್ತು. ಅವರ ದೊಡ್ಡ ಪುಸ್ತಕದಲ್ಲಿ ಯಹೂದಿಗಳ ಬಗ್ಗೆ ಕೆಟ್ಟ ಮಾತುಗಳಿವೆ. ನಾಯಿ ಸಾಕುವ ನಾವು ಅದನ್ನು ತಿಳಿದಿರಬೇಕು. ನಾಯಿಯ ಲೆಕ್ಕವನ್ನು ಮನುಷ್ಯರಿಗೆ ಹಾಕಿದ ದೇಶ ಏನಾಯಿತು ಅಂತ ಜಗತ್ತು ನೋಡಿದೆ. ಕೊನೆಗೆ ನಾಜಿಗಳು ಆ ಸಂಘದ ಮೇಲೂ ಕೈ ಹಾಕಿದರು. ಮೂವತ್ತಾರು ವರ್ಷ ನಡೆಸಿದ ಸಂಘದ ಅಧ್ಯಕ್ಷತೆಯನ್ನು ಸ್ಟೆಫಾನಿಟ್ಸ್ 1935ರಲ್ಲಿ ಬಿಡಬೇಕಾಯಿತು. ಮರುವರ್ಷ, 1936ರ ಏಪ್ರಿಲ್ 22ರಂದು ತೀರಿಕೊಂಡರು. ಸಂಘ ಹುಟ್ಟಿದ ತಾರೀಕೇ ಅದು. ಸಂಘ ಈಗಲೂ ಇದೆ, ಆಗ್ಸ್‌ಬುರ್ಗ್‌ನಲ್ಲಿ.

ಇಷ್ಟೆಲ್ಲ ಹೇಳಿದಾಗ ಮೊನ್ನೆ ಒಬ್ಬ ಹುಡುಗ ನನ್ನನ್ನು ಕೇಳಿದ. "ಅಂಕಲ್, ಅವರಿಗೆ ಕುರುಬರ ನಾಯಿ ಇತ್ತು, ಪುಸ್ತಕ ಬರೆದರು. ನಮ್ಮ ನಾಯಿಗೆ ಯಾರು ಬರೆದರು?" ಒಳ್ಳೆಯ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಮುಧೋಳ ನಾಯಿಗೆ ಒಂದು ಅದೃಷ್ಟ ಇತ್ತು. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆ ಅದನ್ನು ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ. ಸೇನೆಯೂ ತರಬೇತಿಗೆ ತೆಗೆದುಕೊಂಡಿತು.

ನಮ್ಮ ಕರಾವಳಿಯ ನಾಯಿಗೆ ಅದೂ ಇಲ್ಲ. ಹಿಂದೆ ಬೋಂಟೆಗೆ (ಬೇಟೆಗೆ) ಹೋಗುತ್ತಿದ್ದ ನಾಯಿಗಳು, ಈಗ ತೋಟಕ್ಕೆ ನುಗ್ಗುವ ಹಂದಿ, ಮಂಗ ಓಡಿಸುವ ನಾಯಿಗಳು. ಅವಕ್ಕೆ ನಮ್ಮ ಮಳೆ ತಡೆಯುವ ಚರ್ಮ ಇದೆ. ಶೆಫರ್ಡ್ ಸಾಕಿದವರಿಗೆ ಜೂನ್ ಬಂದರೆ ಎದೆ ಡವಡವ. ದಪ್ಪ ಕೂದಲಿನ ಒಳಗೆ ತೇವ ಕೂತು ಹುಣ್ಣಾಗುತ್ತದೆ, ಉಣ್ಣಿ ಹತ್ತುತ್ತದೆ. ಊರಿನ ನಾಯಿ ಕೊಟ್ಟಿಗೆಯ ಬೂದಿಯಲ್ಲಿ ಮಲಗಿ ಎದ್ದು ಮೈ ಕೊಡವಿದರೆ ಮುಗಿಯಿತು. ಬೆಳ್ತಂಗಡಿ, ಸುಳ್ಯ ಕಡೆಯ ಮನೆಗಳಲ್ಲಿ ಒಂದೇ ಸಾಲಿನ ನಾಯಿಗಳನ್ನು ಮೂರ್ನಾಲ್ಕು ತಲೆಮಾರು ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಯಾವ ಹೆಣ್ಣು ಯಾವಾಗ ಮರಿ ಹಾಕಿತು, ಯಾವ ಮರಿ ಯಾವ ಮನೆಗೆ ಹೋಯಿತು ಅಂತ ಆ ಮನೆಯ ಅಮ್ಮಂದಿರಿಗೆ ಬಾಯಿಪಾಠ. ಬರೆದವರು ಇಲ್ಲ.

ಹಾಗಾಗಿ ನಾನು ಕಳೆದ ದೀಪಾವಳಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಒಂದು ತೋಟದ ಮನೆಯ ಜಗಲಿಯಲ್ಲಿ ಕೂತು, ಎಂಬತ್ತು ದಾಟಿದ ಒಬ್ಬ ಅಜ್ಜಿ ಹೇಳಿದ್ದನ್ನು ಬರೆದುಕೊಂಡೆ. ಸದ್ಯಕ್ಕೆ ಹನ್ನೊಂದು ನಾಯಿಗಳಾಗಿವೆ. ಪುಸ್ತಕ ಇವತ್ತು ತಂದಿದ್ದೇನೆ, ಆ ಮೇಜಿನ ಮೇಲಿದೆ. ಮೊದಲ ಪುಟ ಓದುತ್ತೇನೆ.

ನಂಬರ್ ಒಂದು. ಹೆಸರು ಬೊಳ್ಳಿ. ಹೆಣ್ಣು. ಬಿಳಿ ಮೈ, ಎಡ ಕಿವಿ ಕಂದು. ತಾಯಿ ಕಾಳಿ, ಅದೇ ಮನೆಯದು. ತಂದೆ ಗೊತ್ತಿಲ್ಲ. ಕೆಲಸ: ರಾತ್ರಿ ತೋಟ ಕಾಯುವುದು, ಹಂದಿಗೆ ಹೆದರುವುದಿಲ್ಲ, ಮಕ್ಕಳನ್ನು ಕಚ್ಚಿದ್ದಿಲ್ಲ.

ನಿಮ್ಮ ಕಡೆ ಇಂಥ ನಾಯಿ ಇದ್ದರೆ ಚಹಾ ಆದ ಮೇಲೆ ಬಂದು ಹೇಳಿ. ಪೆನ್ನು ಪುಸ್ತಕದೊಳಗೇ ಇದೆ.